ನಮ್ಮ ‘ದಿನ’ವನ್ನು ‘ದನ’ ಮಾಡುವ ಗಣಕಯಂತ್ರ!

ಕನ್ನಡಿಗರೇ,

ಎರಡೂವರೆ ವರ್ಷ ಎಂದರೆ ಎಷ್ಟು? ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನು ಕೇಳಿ, ಬೆರಳು ಮಡಿಸದೆ ಹೇಳುತ್ತಾಳೆ. ಅಂಗನವಾಡಿಗೆ ಹೋಗುವ ಮೊಮ್ಮಗನ ವಯಸ್ಸು ಅದೇ ಎಂದು ನಕ್ಕು ಬಿಡುತ್ತಾಳೆ. ಈಗ ಅದೇ ಪ್ರಶ್ನೆಯನ್ನು ನಮ್ಮ ತೆರಿಗೆಯ ದುಡ್ಡು ಸುರಿದು ಕಚೇರಿಗಳಲ್ಲಿ ಕೂರಿಸಿರುವ ಗಣಕಯಂತ್ರಕ್ಕೆ ಕೇಳಿ ನೋಡಿ. ಉತ್ತರ ಏನು ಗೊತ್ತೆ? ಸೊನ್ನೆ!

ಇದು ತಮಾಷೆಯ ಮಾತಲ್ಲ. ನನ್ನ ಸೋದರಮಾವ ಸಂತೆಮಾಳದ ಪಕ್ಕದ ಬಾಡಿಗೆ ಮಳಿಗೆಯಲ್ಲಿ ಹದಿನೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಮಳಿಗೆಯ ಕರಾರು ಮುಗಿಯುತ್ತಾ ಬಂತು. ಮುಂದುವರಿಸಬೇಕಾದರೆ ಆನ್‌ಲೈನಿನಲ್ಲೇ ಅರ್ಜಿ ಹಾಕಬೇಕು ಎಂದರು. ಅರ್ಜಿ ಪೂರ್ತಿ ಕನ್ನಡದಲ್ಲೇ ಇತ್ತು, ಮೇಲೆ ತಾಯಿ ಭುವನೇಶ್ವರಿಯ ಚಿತ್ರ ಬೇರೆ. ‘ಕೋರಿದ ಅವಧಿ’ ಎಂಬ ಕಡೆ ಮಾವ ‘೨ ವರ್ಷ ೬ ತಿಂಗಳು’ ಎಂದು ಬರೆಸಿದರು. ಯಂತ್ರ ತಕರಾರು ಮಾಡಲಿಲ್ಲ. ರಸೀದಿ ಕೊಟ್ಟಿತು. ಮಾವ ನೆಮ್ಮದಿಯಿಂದ ಮನೆಗೆ ಬಂದರು.

ತಿಂಗಳ ನಂತರ ಅರ್ಜಿ ತಿರಸ್ಕೃತ! ಕಾರಣ: ಕೋರಿದ ಅವಧಿ ೦. ಮಾವ ಕಚೇರಿಗೆ ಓಡಿದರು. ಮೇಜಿನ ಹಿಂದಿದ್ದ ಗುಮಾಸ್ತರು, “ಸಾಫ್ಟ್‌ವೇರ್ ಹಂಗೆ ತೋರಿಸ್ತಿದೆ ಯಜಮಾನ್ರೇ, ನಾವೇನು ಮಾಡೋಣ?” ಎಂದು ಕೈಯಾಡಿಸಿದರು. ಅಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ಮಳಿಗೆ ಹರಾಜಿನಲ್ಲಿ ಬೇರೆಯವರ ಪಾಲಾಯಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮು ಬರೆದು ಹೊಟ್ಟೆ ಹೊರೆಯುವ ನನ್ನ ಮುಖ ನೋಡಿ ಮಾವ ಕೇಳಿದರು: “ಅಲ್ಲಾ ಕಣ್ಲಾ ಮಗಾ, ಎಲ್ಡೂವರೆ ವರ್ಸ ಅಂದ್ರೆ ನಿಮ್ ಕಂಪ್ಯೂಟ್ರಿಗೆ ಗೊತ್ತಾಗಕಿಲ್ವಾ?”

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಉತ್ತರ ಹುಡುಕಿದ ಕಥೆಯೇ ಈ ಲೇಖನ.

ಸೊನ್ನೆ ಎಲ್ಲಿಂದ ಬಂತು?

ಮನುಷ್ಯ ಬರೆದದ್ದನ್ನು ಗಣಕ ಬಿಡಿಬಿಡಿಯಾಗಿ ಬಿಡಿಸಿ, ಇದು ಅಂಕಿ, ಇದು ತಿಂಗಳು, ಇದು ಗಂಟೆ ಎಂದು ಅರ್ಥ ಮಾಡಿಕೊಳ್ಳುವ ಕೆಲಸಕ್ಕೆ ‘ಪಾರ್ಸಿಂಗ್’ ಎನ್ನುತ್ತಾರೆ. ಪ್ರತಿ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದಕ್ಕೆ ಸಲಕರಣೆಗಳಿವೆ. ಮಾವನ ‘೨ ವರ್ಷ ೬ ತಿಂಗಳು’ ಎಂಬ ಸಾಲನ್ನು ಹಿಡಿದು ನಾನು ಒಂದೊಂದೇ ಭಾಷೆಯ ಬಾಗಿಲು ತಟ್ಟಿದೆ.

ಜಾಲತಾಣಗಳನ್ನು ಕಟ್ಟಲು ಹೆಚ್ಚಾಗಿ ಬಳಸುವ ಪಿಎಚ್‌ಪಿಗೆ ಆ ಸಾಲು ಕೊಟ್ಟು, ಇದನ್ನು ಸಂಖ್ಯೆ ಮಾಡು ಎಂದೆ. ಸೊನ್ನೆ ಎಂದಿತು. ತಪ್ಪು ಎಂದು ಕೂಗಲಿಲ್ಲ, ಅರ್ಥವಾಗಲಿಲ್ಲ ಎಂದು ಹೇಳಲಿಲ್ಲ. ತಣ್ಣಗೆ ಸೊನ್ನೆ ಬರೆದುಕೊಂಡಿತು. ಅಂಕಿಗಳನ್ನು ಮಾತ್ರ ಇಂಗ್ಲಿಷಿನವು ಮಾಡಿ ಕೊಟ್ಟೆ. ಆಗ ಎರಡು ಎಂದಿತು. ಎರಡು ಏನು? ವರ್ಷವೋ, ದಿನವೋ, ಗಂಟೆಯೋ? ಅದಕ್ಕೆ ಗೊತ್ತಿಲ್ಲ. ಆರು ತಿಂಗಳು ಗಾಳಿಗೆ ಹೋಯಿತು. ಅದೇ ಪಿಎಚ್‌ಪಿಯ ‘ಸ್ಟ್ರ್‌ಟುಟೈಮ್’ ಎಂಬ ಸಲಕರಣೆಗೆ ‘ಟೂ ಇಯರ್ಸ್ ಸಿಕ್ಸ್ ಮಂತ್ಸ್’ ಎಂಬರ್ಥದ ಇಂಗ್ಲಿಷ್ ಸಾಲು ಕೊಡಿ. ಇವತ್ತಿನಿಂದ ಲೆಕ್ಕ ಹಾಕಿ, ಎಂದು ಮುಗಿಯುತ್ತದೆ ಎಂಬುದನ್ನು ತಾರೀಖಿನ ಸಮೇತ ಕೈಗಿಡುತ್ತದೆ!

‘ಕನ್ನಡ ಅಂಕಿ ಓದುವುದು ಯಂತ್ರಕ್ಕೆ ಕಷ್ಟ ಸಾರ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೈಥಾನ್ ಭಾಷೆಗೆ ೧೫ ಎಂದು ಕನ್ನಡದಲ್ಲಿ ಬರೆದು ಕೊಡಿ, ಹದಿನೈದು ಎಂದು ಸರಿಯಾಗಿ ಓದುತ್ತದೆ. ಜಾವಾ ಕೂಡ ಓದುತ್ತದೆ. ಜಾವಾಸ್ಕ್ರಿಪ್ಟ್ ಮಾತ್ರ ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಹೆಸರಿನಲ್ಲಿ ಅಣ್ಣತಮ್ಮಂದಿರಂತಿರುವ ಎರಡು ಭಾಷೆಗಳಲ್ಲಿ ಒಂದಕ್ಕೆ ನಮ್ಮ ಅಂಕಿ ಅಂಕಿ, ಇನ್ನೊಂದಕ್ಕೆ ಕಸ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಜಾಗವಿದೆ. ಅದರಲ್ಲಿ ೦ಯಿಂದ ೯ರವರೆಗೆ ನಮ್ಮ ಹತ್ತು ಅಂಕಿಗಳು ಸಾಲಾಗಿ ಒಂದರ ಪಕ್ಕ ಒಂದು ಕುಳಿತಿವೆ. ಓದಲು ಬೇಕಾದದ್ದು ಒಂದು ಕಳೆಯುವ ಲೆಕ್ಕ, ಅಷ್ಟೆ. ಮಾಡುವವರು ಮಾಡಿದ್ದಾರೆ. ಮಾಡದವರು ಬೇಡವೆಂದು ಬಿಟ್ಟಿದ್ದಾರೆ.

ಗುಡಿಸು ಕಿತ್ತ ಕತ್ತರಿ

ಪೈಥಾನನ್ನು ಹೊಗಳಿದೆನಲ್ಲ, ಅದರದೂ ಒಂದು ಕಥೆ ಕೇಳಿ. ಸಾಲಿನಿಂದ ಪದಗಳನ್ನು ಕತ್ತರಿಸಿ ತೆಗೆಯಲು ಅದರಲ್ಲಿ ಒಂದು ಕತ್ತರಿ ಇದೆ. ಪದ ಎಂದರೆ ಅಕ್ಷರ ಮತ್ತು ಅಂಕಿಗಳ ಸಾಲು ಎಂದು ಆ ಕತ್ತರಿಯ ತಿಳಿವಳಿಕೆ. ಇಂಗ್ಲಿಷಿಗೆ ಅದು ಸರಿ. ಕನ್ನಡದ ಗುಡಿಸು, ಕೊಂಬು, ಒತ್ತು ಕೊಡುವ ವಿರಾಮ ಇವನ್ನೆಲ್ಲ ಅದು ಅಕ್ಷರವೆಂದು ಒಪ್ಪುವುದಿಲ್ಲ. ಹಾಗಾಗಿ ‘ದಿನ’ ಎಂದು ಕೊಟ್ಟರೆ ಗುಡಿಸನ್ನು ಕಿತ್ತೆಸೆದು ‘ದ’ ಒಂದು ಪದ, ‘ನ’ ಇನ್ನೊಂದು ಪದ ಎಂದು ಎರಡು ತುಂಡು ಮಾಡಿ ಕೊಡುತ್ತದೆ.

ನೋಡಿದಿರಾ? ನಾವು ‘ದಿನ’ ಎಂದರೆ ಅದಕ್ಕೆ ಉಳಿಯುವುದು ‘ದನ’!

ಇದನ್ನು ಯಾರೂ ಬೇಕೆಂದು ಮಾಡಿಲ್ಲ, ಒಪ್ಪೋಣ. ಆದರೆ ಕಾಗುಣಿತವೆಂಬುದು ಇರುವ ಕೋಟ್ಯಂತರ ಜನರ ಭಾಷೆಯೊಂದು ಭೂಮಿಯ ಮೇಲಿದೆ ಎಂಬುದು ಬರೆದವರ ತಲೆಯಲ್ಲಿ ಇರಲಿಲ್ಲ. ಆ ಕತ್ತರಿಯನ್ನು ಹಾಗೇ ತಂದು ಕನ್ನಡದ ಅರ್ಜಿಗೆ ಹಚ್ಚಿದವರು ಮಾತ್ರ ನಮ್ಮವರೇ. ಅವರು ಒಮ್ಮೆ, ಒಂದೇ ಒಂದು ಸಲ, ‘ದಿನ’ ಎಂದು ಬರೆದು ಪರೀಕ್ಷಿಸಿದ್ದರೆ ಸಾಕಿತ್ತು.

ಇಂಗ್ಲಿಷಿನ ತಪ್ಪಿಗೂ ಮಣೆ, ಕನ್ನಡದ ಸರಿಗೂ ಬಾಗಿಲು ಬಂದ್

ಇನ್ನು ಕಾಲಾವಧಿಯ ವಿಷಯಕ್ಕೆ ಬನ್ನಿ. ಇಲ್ಲಿ ಇಂಗ್ಲಿಷಿಗೆ ಎಂಥ ಮುದ್ದು ಎಂದು ಕೇಳಿದರೆ ಮೈ ಉರಿಯುತ್ತದೆ.

ಎರಡು ವಾರಕ್ಕೆ ಇಂಗ್ಲಿಷಿನಲ್ಲಿ ‘ಫೋರ್ಟ್‌ನೈಟ್’ ಎನ್ನುತ್ತಾರೆ. ಪಿಎಚ್‌ಪಿಗೆ ಅದು ಗೊತ್ತು. ಅಷ್ಟೇ ಅಲ್ಲ, ಯಾರಾದರೂ ಕಾಗುಣಿತ ತಪ್ಪಿ ‘ಫೋರ್ತ್‌ನೈಟ್’ ಎಂದು ಬರೆದಾರೆಂದು ಆ ತಪ್ಪು ಪದವನ್ನೂ ಸೇರಿಸಿ ಇಟ್ಟುಕೊಂಡಿದೆ! ಗೆರೆ ಓರೆಯಾಗಿದ್ದರೆ ಅಮೆರಿಕದವನ ತಾರೀಖು, ತಿಂಗಳು ಮೊದಲು. ಗೆರೆ ಅಡ್ಡವಾಗಿದ್ದರೆ ಯುರೋಪಿನವನ ತಾರೀಖು, ದಿನ ಮೊದಲು ಎಂದು ಒಂದು ಗೀಟು ನೋಡಿ ಊರು ಗುರುತಿಸುವಷ್ಟು ಸೂಕ್ಷ್ಮ ಅದಕ್ಕಿದೆ.

ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶವಿದೆ. ಒಳ್ಳೆಯದು, ಉಚಿತವಾದದ್ದು. ಅದರಲ್ಲಿ ಮಧ್ಯರಾತ್ರಿ ಸೊನ್ನೆ ಗಂಟೆಗೆ ‘ಆಲ್‌ಬಾಲ್ಸ್’ ಎಂಬ ಇಂಗ್ಲಿಷ್ ಆಡುಮಾತನ್ನು ಬರೆದರೂ ನಡೆಯುತ್ತದೆ. ದಶಕ, ಶತಮಾನ, ಸಹಸ್ರಮಾನ ಎಲ್ಲಕ್ಕೂ ಇಂಗ್ಲಿಷ್ ಪದಗಳಿವೆ. ‘೨ ತಿಂಗಳು’ ಎಂದು ಬರೆದು ನೋಡಿ, ಮುಖಕ್ಕೆ ಹೊಡೆದ ಹಾಗೆ ದೋಷ ಎನ್ನುತ್ತದೆ.

ಗೂಗಲ್ ೨೦೦೯ರಲ್ಲಿ ಹೊರತಂದ ‘ಗೋ’ ಭಾಷೆ ಅವಧಿಯನ್ನು ಓದುವಾಗ ಗಂಟೆ, ನಿಮಿಷ, ಸೆಕೆಂಡುಗಳಿಗೆ ಇಂಗ್ಲಿಷಿನ ಒಂದೊಂದು ಅಕ್ಷರ ಇಟ್ಟುಕೊಂಡಿದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕೆ ‘ಮ್ಯೂ’ ಎಂಬ ಗ್ರೀಕ್ ಅಕ್ಷರ ಬೇಕು. ಯೂನಿಕೋಡಿನಲ್ಲಿ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ‘ಮ್ಯೂ’ಗಳಿವೆ. ಬರೆಯುವವರು ಯಾವುದನ್ನು ಒತ್ತುತ್ತಾರೋ ಪಾಪ ಎಂದು ಗೋ ಎರಡನ್ನೂ ಒಪ್ಪುತ್ತದೆ! ಕಣ್ಣು ಮುಚ್ಚಿ ಬಿಡುವುದರೊಳಗೆ ಸಾವಿರಾರು ಸಲ ಕಳೆದುಹೋಗುವ ಕಾಲಕ್ಕೆ ಇಷ್ಟು ಉಪಚಾರ. ನಮ್ಮ ಎರಡೂವರೆ ವರ್ಷಕ್ಕೆ ಸೊನ್ನೆ.

‘ಅದಕ್ಕೇ ಅಂತರರಾಷ್ಟ್ರೀಯ ಮಾನಕ ಇದೆಯಲ್ಲ’ ಎಂದು ಬುದ್ಧಿವಂತರು ಹೇಳುತ್ತಾರೆ. ಇದೆ. ಐಎಸ್‌ಒ ೮೬೦೧ ಎಂದು ಅದರ ಹೆಸರು, ೧೯೮೮ರಲ್ಲಿ ಮೊದಲು ಹೊರಬಂತು. ಅದರ ಪ್ರಕಾರ ಮಾವ ‘ಪಿ೨ವೈ೬ಎಂ’ ಎಂದು ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿಗಳಲ್ಲಿ ಬರೆಯಬೇಕಿತ್ತು. ವೈ ಎಂದರೆ ಇಯರ್, ಎಂ ಎಂದರೆ ಮಂತ್. ಆದರೆ ಮಿನಿಟಿಗೂ ಎಂ ಬೇಕಲ್ಲ? ಅದಕ್ಕೆ ನಡುವೆ ಒಂದು ‘ಟಿ’ ಹಾಕಿದರು. ‘ಟಿ’ಗೆ ಮೊದಲಿನ ಎಂ ತಿಂಗಳು, ನಂತರದ ಎಂ ನಿಮಿಷ. ಒಂದು ಅಕ್ಷರ ಕೈತಪ್ಪಿದರೆ ಆರು ನಿಮಿಷ ಹೋಗಿ ಆರು ತಿಂಗಳಾಗುತ್ತದೆ! ಕನ್ನಡದಲ್ಲಿ ತಿಂಗಳು ತಿಂಗಳೇ, ನಿಮಿಷ ನಿಮಿಷವೇ. ಒಂದು ಯಂತ್ರ ಇನ್ನೊಂದು ಯಂತ್ರದ ಜೊತೆ ಮಾತಾಡಲು ಆ ಮಾನಕ ಇರಲಿ, ಬೇಡವೆನ್ನುವುದಿಲ್ಲ. ಗಿರಣಿಯವನ ಬಾಯಲ್ಲಿ ಅದನ್ನು ತುರುಕಬೇಡಿ ಎನ್ನುತ್ತೇವೆ.

ಬಾಯಿ ಉಂಟು, ಕಿವಿ ಇಲ್ಲ

ನಾವು ಮೋಸ ಹೋಗಿರುವುದು ಇಲ್ಲೇ. ಗಣಕದ ತೆರೆಯ ಮೇಲೆ ಕನ್ನಡ ಕಂಡ ಕೂಡಲೇ ಗೆದ್ದೆವು ಎಂದುಕೊಂಡೆವು. ಕನ್ನಡ ಕೀಲಿಮಣೆಗಾಗಿ ಕೆ.ಪಿ. ರಾವ್ ಅವರಂಥವರು ದುಡಿದರು. ಕನ್ನಡ ಗಣಕ ಪರಿಷತ್ತು ‘ನುಡಿ’ ತಂದಿತು. ಕನ್ನಡ ಮೂಡುವಂತಾಯಿತು. ಅದು ದೊಡ್ಡ ಗೆಲುವು, ಅವರಿಗೆ ನಮಸ್ಕಾರ. ಆದರೆ ಮೂಡಿದರೆ ಮುಗಿಯಿತೇ?

ಜಗತ್ತಿನ ಭಾಷೆಗಳಲ್ಲಿ ವಾರ, ತಿಂಗಳು, ಗಂಟೆಗಳ ಹೆಸರುಗಳನ್ನು ಒಂದೆಡೆ ಕೂಡಿಸಿ ಇಟ್ಟಿರುವ ‘ಸಿಎಲ್‌ಡಿಆರ್’ ಎಂಬ ಭಂಡಾರವನ್ನು ಯೂನಿಕೋಡಿನವರೇ ನಡೆಸುತ್ತಾರೆ. ಅದರಲ್ಲಿ ಕನ್ನಡ ಇದೆ. ಜನವರಿಯಿಂದ ಡಿಸೆಂಬರ್, ಭಾನುವಾರದಿಂದ ಶನಿವಾರ, ನಿನ್ನೆ, ನಾಳೆ, ‘ಇಷ್ಟು ದಿನಗಳ ಹಿಂದೆ’ ಎಲ್ಲ ಇವೆ. ಜಾವಾಸ್ಕ್ರಿಪ್ಟಿಗೆ ‘ಮೂರು ದಿನದ ಹಿಂದೆ ಎಂದು ಕನ್ನಡದಲ್ಲಿ ಬರೆ’ ಎಂದರೆ ಚೆಂದವಾಗಿ ಬರೆಯುತ್ತದೆ. ಅದು ತಾನೇ ಬರೆದ ಆ ಸಾಲನ್ನು ತಿರುಗಿಸಿ ಅದಕ್ಕೇ ಕೊಟ್ಟು ‘ಓದು’ ಎನ್ನಿ. ಓದಲು ಬರುವುದಿಲ್ಲ! ಬರೆಯುವ ಸಲಕರಣೆ ಇಟ್ಟರು, ಓದುವ ಸಲಕರಣೆ ಇಡಲಿಲ್ಲ. ನಮಗೆ ಹೇಳಲು ಅದಕ್ಕೆ ಬಾಯಿ ಇದೆ. ನಮ್ಮ ಮಾತು ಕೇಳಲು ಕಿವಿ ಇಲ್ಲ. ಇಂಥ ಅಧಿಕಾರಿಗಳನ್ನು ನಾವು ಕಂಡಿಲ್ಲವೇ?

ಓದಬಲ್ಲ ತಂತ್ರಾಂಶಗಳೂ ಇವೆ. ಫೇಸ್‌ಬುಕ್ ೨೦೧೭ರಲ್ಲಿ ‘ಡಕ್ಲಿಂಗ್’ ಎಂಬುದನ್ನು ಮುಕ್ತವಾಗಿ ಬಿಟ್ಟಿತು. ‘ಮುಂದಿನ ಮಂಗಳವಾರ’, ‘ಮೂರು ಗಂಟೆ ಹೊತ್ತು’ ಎಂದು ಆಡುಮಾತಿನಲ್ಲಿ ಬರೆದರೂ ಬಿಡಿಸಿ ಹೇಳುವುದೇ ಅದರ ಕಸುಬು. ಅದರಲ್ಲಿ ಡ್ಯಾನಿಶ್ ಭಾಷೆಗೆ ಕಾಲದ ನಿಯಮಗಳಿವೆ. ಐರಿಷ್ ಭಾಷೆಗೂ ಇವೆ. ಕನ್ನಡಕ್ಕೆ? ಬರೀ ಅಂಕಿ ಗುರುತಿಸುವ ನಿಯಮ ಬರೆದು ಕೈತೊಳೆದುಕೊಂಡಿದ್ದಾರೆ. ಕಾಲವೂ ಇಲ್ಲ, ಅವಧಿಯೂ ಇಲ್ಲ. ೨೦೧೧ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ೪ ಕೋಟಿ ೩೭ ಲಕ್ಷ ಜನ. ಇಡೀ ಡೆನ್ಮಾರ್ಕಿನ ಜನಸಂಖ್ಯೆ ಒಂದು ಕೋಟಿ ಮುಟ್ಟುವುದಿಲ್ಲ. ಡ್ಯಾನಿಶ್ ಜನರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವರ ಭಾಷೆಯ ಹುಡುಗರು ಕೂತು ಬರೆದರು, ಸಿಕ್ಕಿತು. ನಮ್ಮವರು ಎಲ್ಲಿದ್ದರು?

ನೆಪ ಹೇಳುವವರಿಗೆ ಉತ್ತರ

ನೆಪ ಒಂದು: ‘ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಅಂಟಿಕೊಳ್ಳುತ್ತವೆ, ಬಿಡಿಸುವುದು ಕಷ್ಟ.’ ನಿಜ, ನಾವು ‘ಜೂನ್ ೧ರಿಂದ ೧೫ರವರೆಗೆ’ ಎಂದು ಅಂಕಿಗೇ ಅಂಟಿಸಿ ಬರೆಯುತ್ತೇವೆ. ಆದರೆ ನೋಡಿ, ‘ಇಂದ’ ಎಂದರೆ ಶುರು, ‘ವರೆಗೆ’ ಎಂದರೆ ಕೊನೆ. ಅವಧಿಯ ಎರಡು ತುದಿಗೂ ನಮ್ಮ ಭಾಷೆ ಹಣೆಪಟ್ಟಿ ಕಟ್ಟಿಯೇ ಕೊಡುತ್ತದೆ. ದಿನ, ದಿನಗಳು, ದಿನದ, ದಿನಕ್ಕೆ, ದಿನಗಳಿಂದ ಎಂದು ಒಂದು ಹಾಳೆಯಷ್ಟು ಪಟ್ಟಿ ಮಾಡಿದರೆ ಕೆಲಸ ಮುಗಿಯಿತು. ಹೈಸ್ಕೂಲು ಕನ್ನಡ ಮೇಷ್ಟ್ರು ಒಂದು ಮಧ್ಯಾಹ್ನದಲ್ಲಿ ಬರೆದುಕೊಡುತ್ತಾರೆ.

ನೆಪ ಎರಡು: ‘ಕಾಲು, ಅರೆ, ಮುಕ್ಕಾಲು ಎಲ್ಲ ಯಂತ್ರಕ್ಕೆ ತಿಳಿಯೋಲ್ಲ.’ ಕಾಲು ಎಂದರೆ ನಾಲ್ಕನೇ ಒಂದು, ಅರೆ ಎಂದರೆ ಎರಡನೇ ಒಂದು, ಮುಕ್ಕಾಲು ಎಂದರೆ ನಾಲ್ಕನೇ ಮೂರು. ಎರಡೂಕಾಲು, ಎರಡೂವರೆ, ಎರಡೂಮುಕ್ಕಾಲು ಎಂದು ಗಡಿಯಾರದ ಹಾಗೆ ಕ್ರಮವಾಗಿ ಹೋಗುತ್ತವೆ. ಇದಕ್ಕಿಂತ ಸಲೀಸಾದ ನಿಯಮ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ ‘ನಾಡಿದ್ದು’ ಎನ್ನಲು ಇವತ್ತು ಬಳಕೆಯಲ್ಲಿರುವ ಒಂದು ಪದವಿಲ್ಲ, ಮೂರು ಪದ ಜೋಡಿಸಬೇಕು. ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ನಮ್ಮಲ್ಲಿ ಮೊನ್ನೆ, ನಿನ್ನೆ, ನಾಳೆ, ನಾಡಿದ್ದು ಒಂದಕ್ಕೊಂದು ಮಿಣುಕಾಡದಂತೆ ನಿಂತಿವೆ. ಯಂತ್ರಕ್ಕೆ ಬೇಕಾದ್ದು ಇಂಥ ಭಾಷೆಯೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ನೆಪ ಮೂರು: ‘ಆಡುಮಾತಿನಲ್ಲಿ ಖಚಿತತೆ ಇರುವುದಿಲ್ಲ.’ ಇಂಗ್ಲಿಷಿನಲ್ಲಿ ಇದೆಯೇ? ಜನವರಿ ೩೧ಕ್ಕೆ ‘ಒಂದು ತಿಂಗಳು’ ಕೂಡಿಸಿ. ಜಾವಾ ಮತ್ತು ಪೋಸ್ಟ್‌ಗ್ರೆಸ್ ಫೆಬ್ರವರಿಯ ಕೊನೆಯ ದಿನ ಎನ್ನುತ್ತವೆ. ಪಿಎಚ್‌ಪಿ ಫೆಬ್ರವರಿಯನ್ನೇ ಹಾರಿ ಮಾರ್ಚಿಗೆ ಹೋಗುತ್ತದೆ. ಒಂದು ತಿಂಗಳು ಎಂದರೆ ಎಷ್ಟು ಎಂಬುದರಲ್ಲೇ ಯಂತ್ರಗಳಿಗೆ ಒಮ್ಮತವಿಲ್ಲ. ಆದರೂ ಇಂಗ್ಲಿಷಿಗೆ ಯಾರೂ ಬಾಗಿಲು ಹಾಕಲಿಲ್ಲ, ನಿಯಮ ಮಾಡಿಕೊಂಡು ನಡೆಸಿದರು. ಕನ್ನಡಕ್ಕೂ ನಿಯಮ ಮಾಡಿ. ಅನುಮಾನ ಬಂದರೆ ಬರೆದವನನ್ನೇ ಕೇಳಿ.

ನೆಪ ನಾಲ್ಕು: ‘ಕ್ಯಾಲೆಂಡರ್ ಚಿತ್ರ ತೋರಿಸ್ತೀವಲ್ಲ, ಒತ್ತಿದರಾಯಿತು.’ ತಾರೀಖಿಗೆ ಆದೀತು. ‘೪೫ ದಿನದೊಳಗೆ’, ‘ಮೂರು ವರ್ಷದಿಂದ’ ಎಂಬುದಕ್ಕೆ ಯಾವ ಚಿತ್ರ ಒತ್ತೋಣ? ಇನ್ನು ನಮ್ಮ ಕಚೇರಿಗಳಲ್ಲಿ ಬಿದ್ದಿರುವ ಹಳೆಯ ಆದೇಶ, ಕರಾರು, ಪಹಣಿ, ತೀರ್ಪುಗಳ ಗತಿ? ಅವುಗಳಲ್ಲಿ ತಾರೀಖು, ಗಡುವು, ಅವಧಿ ಎಲ್ಲ ಕನ್ನಡ ಅಂಕಿ, ಕನ್ನಡ ಪದಗಳಲ್ಲೇ ಇವೆ. ನಾಳೆ ಅವನ್ನೆಲ್ಲ ಗಣಕಕ್ಕೆ ಏರಿಸಿದಾಗ ‘ಯಾವ ಕರಾರು ಯಾವಾಗ ಮುಗಿಯಿತು’ ಎಂದು ಕೇಳಿದರೆ ಯಂತ್ರ ಸೊನ್ನೆ ಸೊನ್ನೆ ಎನ್ನಬೇಕೇ? ರೈತನ ಜಮೀನಿನ ಗೇಣಿಯ ಅವಧಿ ಸೊನ್ನೆಯಾದರೆ ಜಮೀನು ಯಾರದಾಗುತ್ತದೆ, ಯೋಚಿಸಿ!

ನೆಪ ಐದು: ‘ಇಂಗ್ಲಿಷ್ ಅಂಕಿ ಹಾಕಿದರೆ ಏನು ಗಂಟು ಹೋಗುತ್ತದೆ?’ ಇಂಗ್ಲಿಷ್ ಅಂಕಿ ಹಾಕಿದವರದು ಆರು ತಿಂಗಳು ಹೋಯಿತು ಎಂದು ಮೇಲೆಯೇ ತೋರಿಸಿದ್ದೇನೆ. ೧೯೬೩ರಲ್ಲೇ ಕನ್ನಡವನ್ನು ಈ ರಾಜ್ಯದ ಆಡಳಿತ ಭಾಷೆ ಎಂದು ಕಾನೂನು ಮಾಡಿದ್ದೇವೆ. ಆಡಳಿತ ಭಾಷೆಯಲ್ಲಿ ಕೊಟ್ಟ ಅರ್ಜಿಯನ್ನು ಆಡಳಿತದ ಯಂತ್ರ ಓದಲಾರದು ಎಂದರೆ ಆ ಕಾನೂನನ್ನು ಎಲ್ಲಿ ಇಟ್ಟು ಪೂಜೆ ಮಾಡೋಣ?

ತಪ್ಪು ನಮ್ಮದೂ ಹೌದು

ಬೈಯುವಾಗ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಇಡೀ ಜಗತ್ತಿಗೆ ತಂತ್ರಾಂಶ ಬರೆದು ಕೊಡುವ ಊರು ಬೆಂಗಳೂರು. ನ್ಯೂಯಾರ್ಕಿನ ಬೇಸಿಗೆ ಗಡಿಯಾರ ಯಾವಾಗ ಒಂದು ಗಂಟೆ ಮುಂದೆ ಹೋಗುತ್ತದೆ ಎಂಬುದು ಇಲ್ಲಿನ ಹುಡುಗರಿಗೆ ಬಾಯಿಪಾಠ. ‘ಏಳೂಮುಕ್ಕಾಲು’ ಎಂದರೆ ಏಳು ನಲವತ್ತೈದು ಎಂದು ಯಂತ್ರಕ್ಕೆ ಕಲಿಸಲು ಒಬ್ಬರಿಗೂ ಪುರುಸೊತ್ತಿಲ್ಲ. ದೀಪದ ಕೆಳಗೆ ಕತ್ತಲು. ಆ ಹುಡುಗರಲ್ಲಿ ನಾನೂ ಒಬ್ಬ. ಮಾವನ ಗಿರಣಿ ಹೋಗುವ ತನಕ ನಾನೂ ಕಣ್ಣು ಬಿಡಲಿಲ್ಲ.

ಸಿಎಲ್‌ಡಿಆರ್‌ನಲ್ಲಿ ಬೆಳಿಗ್ಗೆ, ಸಂಜೆ, ರಾತ್ರಿ ಎಂಬ ಪದಗಳಿದ್ದರೂ ಹನ್ನೆರಡು ಗಂಟೆಯ ಗಡಿಯಾರಕ್ಕೆ ‘ಪೂರ್ವಾಹ್ನ’, ‘ಅಪರಾಹ್ನ’ ಎಂದು ಇಟ್ಟಿದ್ದಾರೆ. ಲಗ್ನಪತ್ರಿಕೆ ಬಿಟ್ಟು ಯಾರ ಬಾಯಲ್ಲಿ ಈ ಮಾತಿದೆ? ಆ ಭಂಡಾರಕ್ಕೆ ಪದ ಸೂಚಿಸಲು, ಮತ ಹಾಕಲು ಭಾಷೆ ಬಲ್ಲವರಿಗೆ ಅವಕಾಶವಿದೆ. ನಾವು ಹೋಗದಿದ್ದರೆ ಹೋದವರು ಇಟ್ಟದ್ದೇ ಕನ್ನಡ. ಪೈಥಾನಿನಲ್ಲಿ ‘ಡೇಟ್‌ಪಾರ್ಸರ್’ ಎಂಬ ಮುಕ್ತ ತಂತ್ರಾಂಶ ಆ ಭಂಡಾರದ ಪದಗಳನ್ನೇ ತೆಗೆದುಕೊಂಡು ಕನ್ನಡವನ್ನೂ ತನ್ನ ಭಾಷೆಗಳ ಪಟ್ಟಿಗೆ ಸೇರಿಸಿಕೊಂಡಿದೆ. ಅಂದರೆ ದಾರಿ ಇದೆ, ನಡೆಯುವ ಕಾಲು ಬೇಕು.

ನಮ್ಮ ಹಕ್ಕೊತ್ತಾಯಗಳು

೧. ಸರ್ಕಾರದ ದುಡ್ಡಿನಲ್ಲಿ ಮಾಡಿಸುವ ಯಾವುದೇ ತಂತ್ರಾಂಶ ಕನ್ನಡ ಅಂಕಿ, ಕನ್ನಡದ ತಾರೀಖು, ಕನ್ನಡದ ಅವಧಿಯನ್ನು ಓದಬೇಕು. ಇದನ್ನು ಟೆಂಡರಿನಲ್ಲೇ ಬರೆಯಬೇಕು. ಪರೀಕ್ಷೆಯಲ್ಲಿ ಪಾಸಾಗದ ಕಂಪನಿಗೆ ಹಣ ಕೊಡಬಾರದು.

೨. ಅರ್ಥವಾಗದಿದ್ದರೆ ಯಂತ್ರ ಅರ್ಥವಾಗಲಿಲ್ಲ ಎಂದು ಕನ್ನಡದಲ್ಲಿ ಹೇಳಬೇಕು. ಸದ್ದಿಲ್ಲದೆ ಸೊನ್ನೆ ಬರೆದುಕೊಳ್ಳುವುದು ನಿಲ್ಲಬೇಕು.

೩. ಅರ್ಜಿ ಒಪ್ಪಿಕೊಳ್ಳುವ ಮೊದಲು ‘ನೀವು ಕೇಳಿದ್ದು ೨ ವರ್ಷ ೬ ತಿಂಗಳು, ಸರಿಯೇ?’ ಎಂದು ತಿರುಗಿ ಕೇಳಬೇಕು. ರಸೀದಿಯಲ್ಲಿ ಅದೇ ಮಾತು ಅಚ್ಚಾಗಬೇಕು.

೪. ನಮ್ಮ ವಿಶ್ವವಿದ್ಯಾಲಯಗಳು, ಎಂಜಿನಿಯರಿಂಗ್ ಕಾಲೇಜುಗಳು ಸೇರಿ ಕನ್ನಡದ ಕಾಲವಾಚಕ ಪದಗಳ ಪಟ್ಟಿಯನ್ನೂ ಓದುವ ಪ್ರೋಗ್ರಾಮನ್ನೂ ಬರೆದು ಎಲ್ಲರಿಗೂ ಉಚಿತವಾಗಿ ಬಿಡಬೇಕು. ಗಂಟೆ ಎಂದರೂ ಘಂಟೆ ಎಂದರೂ, ಎರಡೂವರೆ ಎಂದರೂ ಎಲ್ಡೂವರೆ ಎಂದರೂ ಅದು ಓದಬೇಕು. ಇಂಗ್ಲಿಷಿನ ತಪ್ಪಿಗೆ ಸಿಕ್ಕ ಮಣೆ ನಮ್ಮ ಹಳ್ಳಿಯ ಮಾತಿಗೂ ಸಿಗಬೇಕು.

೫. ಅವಧಿ ಸೊನ್ನೆ ಎಂಬ ಕಾರಣಕ್ಕೆ ತಿರಸ್ಕರಿಸಿದ ಕನ್ನಡದ ಅರ್ಜಿಗಳನ್ನು ಹೊರತೆಗೆದು ಮನುಷ್ಯರ ಕೈಯಲ್ಲಿ ಮತ್ತೆ ಓದಿಸಬೇಕು.

ಓದುಗರು ಒಂದು ಕೆಲಸ ಮಾಡಿ. ಮುಂದಿನ ಸಲ ಆನ್‌ಲೈನ್ ಅರ್ಜಿ ತುಂಬುವಾಗ ತಾರೀಖು, ಅವಧಿ ಕನ್ನಡದಲ್ಲೇ ಬರೆದು ನೋಡಿ. ಯಂತ್ರ ಏನು ಬರೆದುಕೊಂಡಿತು ಎಂದು ರಸೀದಿಯಲ್ಲಿ ಅಲ್ಲೇ ಪರೀಕ್ಷಿಸಿ. ತಪ್ಪಿದ್ದರೆ ಕಚೇರಿಯ ಮುಖ್ಯಸ್ಥರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಹತ್ತು ದೂರಿಗೆ ಬಗ್ಗದವರು ಹತ್ತು ಸಾವಿರಕ್ಕೆ ಬಗ್ಗುತ್ತಾರೆ.

ಮಾವ ಈಗ ಬೇರೆಯವರ ಗಿರಣಿಯಲ್ಲಿ ಕೂಲಿಗೆ ಹೋಗುತ್ತಿದ್ದಾರೆ. ದಿನವೆಲ್ಲ ರಾಗಿ ಬೀಸಿ ಸಂಜೆ ಏಳೂವರೆಗೆ ಮನೆಗೆ ಬರುತ್ತಾರೆ. ಅವರ ಏಳೂವರೆ ಊರಿಗೆಲ್ಲ ಅರ್ಥವಾಗುತ್ತದೆ. ಕಚೇರಿಯ ಯಂತ್ರಕ್ಕೂ ಅರ್ಥವಾಗುವಂತೆ ಮಾಡುವವರೆಗೆ ನಾವು ಸುಮ್ಮನೆ ಕೂರಬಾರದು.

ಸಿರಿಗನ್ನಡಂ ಗೆಲ್ಗೆ!